ಅಂಗಮರ್ದನ: ವಿದ್ಯೆಯೂ ಊಳಿಗವೂ

ಕೈಯಿಂದ ಮೈಗೆ ಮಾಡುವ ಉಪಚಾರಕ್ಕೆ ಕನ್ನಡದಲ್ಲಿ ಎಷ್ಟು ಮಾತುಗಳಿವೆಯೆಂದು ಎಣಿಸಿ ನೋಡಿದರೆ ಆಶ್ಚರ್ಯವಾಗುತ್ತದೆ. ನೀವುವುದು, ಒತ್ತುವುದು, ತಿಕ್ಕುವುದು, ತೀಡುವುದು, ಹಿಸುಕುವುದು, ತಟ್ಟುವುದು. ಇವು ಒಂದಕ್ಕೊಂದು ಪರ್ಯಾಯವಾದ ಪದಗಳಲ್ಲ. ಹೊಟ್ಟೆನೋವೆಂದು ಅಳುವ ಮಗುವಿನ ಹೊಟ್ಟೆಯನ್ನು ನೀವುತ್ತಾರೆ; ದಣಿದು ಬಂದವನ ಕಾಲನ್ನು ಒತ್ತುತ್ತಾರೆ; ಬೆನ್ನಿಗೆ ಎಣ್ಣೆ ತಿಕ್ಕುತ್ತಾರೆ; ನೆತ್ತಿಗೆ ಮಾತ್ರ ಎಣ್ಣೆ ತಟ್ಟುತ್ತಾರೆ. ಒಂದರ ಸ್ಥಾನದಲ್ಲಿ ಇನ್ನೊಂದನ್ನಿಟ್ಟರೆ ಮಾತೂ ಕೆಡುತ್ತದೆ, ಮೈಯೂ ಕೆಡುತ್ತದೆ. ಯಾವ ಅಂಗಕ್ಕೆ ಯಾವ ಬಗೆಯ ಸ್ಪರ್ಶ ತಕ್ಕದ್ದೆಂಬ ವಿವೇಕ ಜನರ ನುಡಿಯಲ್ಲೇ ಅಡಗಿರಬೇಕಾದರೆ ಆ ಉಪಚಾರ ಬಹಳ ಹಳೆಯದಿರಬೇಕು. ಹಳೆಯದೇನೋ ಹೌದು. ಆದರೆ ಅದನ್ನು ಮಾಡಿದ ಕೈಗಳಿಗೆ ಸಮಾಜ ಕೊಟ್ಟ ಬೆಲೆ ಎಷ್ಟು? ಅಂಗಮರ್ದನದ ಚರಿತ್ರೆಯನ್ನು ಓದುವವನಿಗೆ ಈ ಪ್ರಶ್ನೆ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ.

ಶಾಸ್ತ್ರದಲ್ಲಿ ಈ ಉಪಚಾರಕ್ಕಿದ್ದ ಗೌರವಕ್ಕೇನೂ ಕೊರತೆಯಿಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಅಭ್ಯಂಗದ ಗುಣವನ್ನು ಹೇಳುವಾಗ ಮೂರು ಹೋಲಿಕೆಗಳು ಬರುತ್ತವೆ: ಎಣ್ಣೆ ಹೀರಿದ ಮಡಕೆ, ಎಣ್ಣೆಯುಂಡ ಚರ್ಮ, ಎಣ್ಣೆ ಬಿಟ್ಟ ಬಂಡಿಯ ಅಚ್ಚು. ಮೂರೂ ಅರಮನೆಯಿಂದ ಬಂದವಲ್ಲ; ಕುಂಬಾರನ, ಚಮ್ಮಾರನ, ಗಾಡಿಕಾರನ ಬದುಕಿನಿಂದ ಬಂದವು. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಅಭ್ಯಂಗವನ್ನು ದಿನಚರಿಯಲ್ಲಿ ಸೇರಿಸಿ, ತಲೆ, ಕಿವಿ ಮತ್ತು ಪಾದಗಳನ್ನು ವಿಶೇಷವಾಗಿ ಹೆಸರಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, ಕಫ ಹೆಚ್ಚಿದವರೂ ಅಜೀರ್ಣವಿರುವವರೂ ಇದನ್ನು ಮಾಡಿಸಿಕೊಳ್ಳಬಾರದೆಂದು ಎಚ್ಚರಿಸುತ್ತಾನೆ. ಬೇಡವಾದುದು ಯಾರಿಗೆಂದು ಹೇಳಬಲ್ಲ ವಿದ್ಯೆಗೆ ಮಾತ್ರ ಶಾಸ್ತ್ರವೆಂಬ ಹೆಸರು ಸಲ್ಲುತ್ತದೆ.

ಸುಶ್ರುತಸಂಹಿತೆಯಲ್ಲಿ ಇದರ ಭೇದಗಳೂ ಕಾಣುತ್ತವೆ. ಎಣ್ಣೆ ಪೂಸಿ ಉಜ್ಜುವುದು ಅಭ್ಯಂಗ. ಪುಡಿಗಳನ್ನು ಹಚ್ಚಿ ಬಿರುಸಾಗಿ ಉಜ್ಜುವುದು ಉದ್ವರ್ತನ. ಕೈಯಿಂದ ಹಿತವಾಗಿ ಒತ್ತುವುದು ಸಂವಾಹನ. ನರಕಚತುರ್ದಶಿಯ ಬೆಳಗಿನ ಜಾವ ಮೈತುಂಬ ಎಣ್ಣೆ ತಿಕ್ಕಿಸಿಕೊಂಡು, ಹಂಡೆಯ ಬಿಸಿನೀರಿನಲ್ಲಿ ಸೀಗೆಪುಡಿಯನ್ನೋ ಕಡಲೆಹಿಟ್ಟನ್ನೋ ಹಚ್ಚಿಸಿಕೊಂಡು ಮೀಯುವವರು ಅಭ್ಯಂಗವನ್ನೂ, ಉದ್ವರ್ತನದ ದೂರದ ನಂಟನನ್ನೂ ಒಂದೇ ಬಚ್ಚಲಿನಲ್ಲಿ ಕಂಡಂತೆಯೇ ಸರಿ.

ಶಾಸ್ತ್ರದಿಂದ ಲೋಕಕ್ಕೆ ಇಳಿದರೆ ಚಿತ್ರ ಬದಲಾಗುತ್ತದೆ. ವಾತ್ಸ್ಯಾಯನನು 64 ಕಲೆಗಳ ಪಟ್ಟಿಯಲ್ಲಿ ಮೈ ಒತ್ತುವುದನ್ನೂ ತಲೆ ತಿಕ್ಕುವುದನ್ನೂ ಸೇರಿಸಿದ್ದಾನೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಾದರೋ ಸಂವಾಹಕನು ಅಡಿಗೆಯವನ, ಮೀಯಿಸುವವನ, ಹಾಸಿಗೆ ಹಾಸುವವನ ಸಾಲಿನಲ್ಲಿ ಬರುತ್ತಾನೆ. ಗೂಢಚಾರರು ಹಾಕಿಕೊಳ್ಳುವ ವೇಷಗಳಲ್ಲಿ ಅವನದೂ ಒಂದು. ಅರಸನ ಮೈ ಮುಟ್ಟುವ ಅಧಿಕಾರ ಮಂತ್ರಿಗಿಲ್ಲ, ಸೇನಾಪತಿಗಿಲ್ಲ, ಊಳಿಗದವನಿಗಿದೆ. ಅಷ್ಟು ಹತ್ತಿರದವನಾದುದರಿಂದಲೇ ಅವನನ್ನು ಕಂಡರೆ ಭಯ. ಹತ್ತಿರಕ್ಕೆ ಬಿಟ್ಟುಕೊಂಡರೂ ಸಮಾನನೆಂದು ಎಣಿಸಲಿಲ್ಲ.

ಈ ವೈಪರೀತ್ಯವನ್ನು ಕಣ್ಣಾರೆ ಕಂಡವನು ಮೃಚ್ಛಕಟಿಕದ ಶೂದ್ರಕ. ಆ ನಾಟಕದ ಎರಡನೆಯ ಅಂಕದಲ್ಲಿ ಸಾಲಗಾರರಿಗೆ ಹೆದರಿ ವಸಂತಸೇನೆಯ ಮನೆಗೆ ನುಗ್ಗುವ ಜೂಜುಕೋರನೊಬ್ಬ ಬರುತ್ತಾನೆ. ಪಾಟಲಿಪುತ್ರದ ಗೃಹಸ್ಥನ ಮಗ. ಉಜ್ಜಯಿನಿಯಲ್ಲಿ ಚಾರುದತ್ತನ ಬಳಿ ಮೈಯೊತ್ತುವ ಕೆಲಸಕ್ಕಿದ್ದವನು. ಸುಕುಮಾರವಾದ ಕಲೆಯನ್ನು ಕಲಿತಿರುವಿರೆಂದು ವಸಂತಸೇನೆ ಮೆಚ್ಚಿದಾಗ, ಕಲೆಯೆಂದು ಕಲಿತದ್ದು ಈಗ ಹೊಟ್ಟೆಪಾಡಾಯಿತೆಂದು ಅವನು ಹೇಳಿಕೊಳ್ಳುತ್ತಾನೆ. ಸಾವಿರಾರು ವರ್ಷಗಳ ಕಥೆ ಆ ಒಂದು ಉತ್ತರದಲ್ಲಿದೆ. ಅವಳು ಅವನ ಸಾಲ ತೀರಿಸುತ್ತಾಳೆ. ಅವನು ಬೌದ್ಧ ಭಿಕ್ಷುವಾಗುತ್ತಾನೆ. ಮುಂದೆ ಶಕಾರನು ಕತ್ತು ಹಿಸುಕಿ ಸತ್ತಳೆಂದು ಬಿಟ್ಟುಹೋದ ವಸಂತಸೇನೆಯನ್ನು ಬದುಕಿಸುವವನು ಈ ಭಿಕ್ಷುವೇ. ಆದರೆ ಸನ್ಯಾಸಿ ಹೆಂಗಸನ್ನು ಮುಟ್ಟುವಂತಿಲ್ಲ. ಹಿಡಿದು ಏಳಲೆಂದು ಬಳ್ಳಿಯೊಂದನ್ನು ಅವಳತ್ತ ಬಗ್ಗಿಸುತ್ತಾನೆ. ಬದುಕೆಲ್ಲ ಪರರ ಮೈ ಒತ್ತಿದ ಕೈ, ಅತ್ಯಂತ ಬೇಕಾದ ಹೊತ್ತಿನಲ್ಲಿ ಮುಟ್ಟದೆ ನಿಲ್ಲುತ್ತದೆ!

ನಮ್ಮ ನಾಡಿಗೆ ಬಂದರೆ, ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸ ಈ ವಿಷಯದಲ್ಲಿ ದೊಡ್ಡ ಆಕರ. ಅರಸನ ಇಪ್ಪತ್ತು ಉಪಭೋಗಗಳಲ್ಲಿ ಸ್ನಾನಭೋಗವೊಂದು. ಅದರಿಂದ ಬೇರೆಯಾಗಿ ಪಾದಾಭ್ಯಂಗಭೋಗವೆಂಬುದೇ ಇನ್ನೊಂದು. ಕಾಲು ತಿಕ್ಕಿಸಿಕೊಳ್ಳುವುದಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟ ಚಕ್ರವರ್ತಿಯ ರಸಿಕತೆಯನ್ನು ಮೆಚ್ಚಲೇಬೇಕು. ಅರಮನೆಯ ಹೊರಗೆ ಈ ವಿದ್ಯೆ ಗರಡಿಮನೆಗಳಲ್ಲಿ ಬೆಳೆಯಿತು. ಕುಸ್ತಿಯಾಡುವವನಿಗೆ ಉಳುಕು ತಪ್ಪದು. ಉಳುಕಿದ್ದನ್ನು ಸರಿಪಡಿಸುವ ಕೈಯೂ ಅಲ್ಲೇ ಹುಟ್ಟಬೇಕು. ಮೈಸೂರು ದಸರೆಯ ವಜ್ರಮುಷ್ಟಿ ಕಾಳಗಕ್ಕೆ ಹೆಸರಾದ ಜಟ್ಟಿಗಳು ಕೀಲು ತಪ್ಪಿದವರಿಗೆ ಕೀಲು ಕೂರಿಸುವುದರಲ್ಲಿಯೂ ನಿಪುಣರೆನಿಸಿದ್ದರು. ಕೇರಳದ ಕಳರಿಗಳಲ್ಲಿ ಗುರುವು ಮೇಲಿನಿಂದ ಇಳಿಬಿಟ್ಟ ಹಗ್ಗವನ್ನು ಹಿಡಿದು, ಶಿಷ್ಯನ ಎಣ್ಣೆಮೈಯನ್ನು ಪಾದದಿಂದಲೇ ತುಳಿದು ತೀಡುವ ಪದ್ಧತಿಯಿದೆ. ಗುರುಪಾದ ಶಿಷ್ಯನ ಬೆನ್ನ ಮೇಲಿದ್ದರೂ ಅಲ್ಲಿ ಸೇವೆ ಮಾಡುವವನು ಗುರುವೇ.

ಹಿಂದೂಸ್ಥಾನದ ಈ ವಿದ್ಯೆ ಕಡಲು ದಾಟಿದ ಕಥೆಯಂತೂ ಕಾದಂಬರಿಗೆ ತಕ್ಕದ್ದು. 1759ರಲ್ಲಿ ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯಲ್ಲಿದ್ದವನು. 1784ರಲ್ಲಿ ಐರ್ಲೆಂಡಿಗೆ ಹೋದನು. 1810ರಲ್ಲಿ ಲಂಡನ್ನಿನಲ್ಲಿ ಹಿಂದೂಸ್ಥಾನಿ ಕಾಫಿ ಹೌಸನ್ನು ತೆರೆದು, ನಷ್ಟಪಟ್ಟು ದಿವಾಳಿಯಾದನು. ಆಮೇಲೆ ಬ್ರೈಟನ್ ಎಂಬ ಕಡಲತೀರದ ಊರಿನಲ್ಲಿ ಆವಿಸ್ನಾನವನ್ನೂ ಅಂಗಮರ್ದನವನ್ನೂ ಕೂಡಿಸಿ ಸ್ನಾನಗೃಹ ನಡೆಸಿ, 1822ರಲ್ಲಿ ಆ ವಿಷಯವಾಗಿ ಒಂದು ಪುಸ್ತಕವನ್ನೂ ಪ್ರಕಟಿಸಿದನು. ನಾಲ್ಕನೆಯ ಜಾರ್ಜ್ ದೊರೆ ಅವನನ್ನು ತನ್ನ ‘ಶಾಂಪೂಯಿಂಗ್ ಸರ್ಜನ್’ ಆಗಿ ನೇಮಿಸಿಕೊಂಡನು. ಒತ್ತುವುದೆಂಬ ಅರ್ಥದ ಹಿಂದಿಯ ‘ಚಾಂಪ್’ ಇಂಗ್ಲಿಷಿನಲ್ಲಿ ‘ಶಾಂಪೂ’ ಆದದ್ದು ಅವನಿಗಿಂತ ಹಿಂದಿನ ಮಾತು. ಅದಕ್ಕೆ ಅಲ್ಲಿ ಪ್ರತಿಷ್ಠೆ ತಂದವನು ಅವನು. ಕಾಲಕ್ರಮದಲ್ಲಿ ಆ ಪದ ಮೈಯಿಂದ ತಲೆಗೇರಿ, ಕೊನೆಗೆ ಸೀಸೆಯೊಳಗೆ ಸೇರಿ, ಸೀಗೆಪುಡಿಯನ್ನು ಓಡಿಸಲು ನಮ್ಮ ಬಚ್ಚಲಿಗೇ ಹಿಂದಿರುಗಿತು.

ಯುರೋಪಿನಲ್ಲಿ ಇದಕ್ಕೆ ಹೊಸ ವ್ಯವಸ್ಥೆ ಬಂದದ್ದು 19ನೆಯ ಶತಮಾನದಲ್ಲಿ. ಸ್ವೀಡನ್ನಿನ ಪೇರ್ ಹೆನ್ರಿಕ್ ಲಿಂಗ್ 1813ರಲ್ಲಿ ಸ್ಟಾಕ್‌ಹೋಮಿನಲ್ಲಿ ವ್ಯಾಯಾಮ ವಿದ್ಯಾಲಯವನ್ನು ಸ್ಥಾಪಿಸಿದನು. ಡಚ್ ವೈದ್ಯ ಮೆಟ್ಸ್‌ಗರ್ ಅಂಗಮರ್ದನದ ಕ್ರಿಯೆಗಳನ್ನು ವಿಂಗಡಿಸಿ ಬಳಕೆಗೆ ತಂದ ಫ್ರೆಂಚ್ ಹೆಸರುಗಳು ಇಂದಿಗೂ ಉಳಿದಿವೆ: ಎಫ್ಲೂರಾಜ್, ಪೆಟ್ರಿಸಾಜ್, ಫ್ರಿಕ್ಷನ್, ಟಪೋಟ್ಮಾಂ. ಬೆದರಬೇಕಾದ್ದಿಲ್ಲ, ನೀವುವುದು, ಹಿಸುಕುವುದು, ತಿಕ್ಕುವುದು, ತಟ್ಟುವುದು ಎಂದೇ ಅರ್ಥ. ಜಪಾನಿನಲ್ಲಿ ದಾರಿ ಬೇರೆಯಾಯಿತು. 17ನೆಯ ಶತಮಾನದಲ್ಲಿ ಸುಗಿಯಾಮ ವಾಯಿಚಿ ಎಂಬ ಅಂಧ ವೈದ್ಯನು ಸೂಜಿಚಿಕಿತ್ಸೆಯನ್ನೂ ‘ಅನ್ಮ’ ಎಂಬ ಅಂಗಮರ್ದನವನ್ನೂ ಕುರುಡರಿಗೆ ಕಲಿಸುವ ಶಾಲೆಗಳನ್ನು ತೆರೆದನು. ಕಣ್ಣಿಲ್ಲದವರಿಗೆ ಬೆರಳೇ ಕಣ್ಣಾಗಿ, ಆ ಕಸುಬು ಅವರಿಗೆ ಅನ್ನವನ್ನೂ ಮಾನವನ್ನೂ ಕೊಟ್ಟಿತು.

ಮಾನದ ಪ್ರಶ್ನೆ ಲಂಡನ್ನಿನಲ್ಲಿಯೂ ಎದ್ದಿತು. 1894ರಲ್ಲಿ ಅಂಗಮರ್ದನದ ಹೆಸರಿನಲ್ಲಿ ಅನೈತಿಕ ವ್ಯಾಪಾರ ನಡೆಯುತ್ತಿದೆಯೆಂಬ ಗುಲ್ಲು ಪತ್ರಿಕೆಗಳಲ್ಲಿ ಎದ್ದಾಗ, ನಾಲ್ವರು ದಾದಿಯರು ಕೈಕಟ್ಟಿ ಕೂರಲಿಲ್ಲ. ತರಬೇತು ಪಡೆದ ಮರ್ದನಕಾರ್ತಿಯರ ಸಂಘವನ್ನು ಕಟ್ಟಿ, ಪರೀಕ್ಷೆ ಮತ್ತು ನಿಯಮಗಳನ್ನು ಏರ್ಪಡಿಸಿದರು. 1920ರಲ್ಲಿ ಅದಕ್ಕೆ ರಾಜಸನ್ನದು ದೊರೆಯಿತು. ಇಂದಿನ ಬ್ರಿಟನ್ನಿನ ಫಿಸಿಯೋಥೆರಪಿ ಸಂಘ ಅದರದೇ ಮುಂದುವರಿಕೆ. ಊಳಿಗವು ವೃತ್ತಿಯಾದದ್ದು ಹೀಗೆ: ಕೈಯ ಕುಶಲತೆ ಹೊಸದಾಗಿ ಬಂದದ್ದಲ್ಲ, ಅದನ್ನು ಕಲಿತವರ ಮಾತಿಗೆ ಬೆಲೆ ಬಂದದ್ದು.

ನಮ್ಮಲ್ಲಿ ಬಾಣಂತಿಗೂ ಕೂಸಿಗೂ ಎಣ್ಣೆ ನೀರು ಹಾಕುವ ಅಜ್ಜಿಯಿದ್ದಾಳೆ. ಕಾಲು ಚಾಚಿ ಕುಳಿತು, ಮಗುವನ್ನು ಮೊಳಕಾಲ ಮೇಲೆ ಮಲಗಿಸಿಕೊಂಡು, ಕೈಕಾಲು ನೀವಿ ನೀರೆರೆಯುತ್ತಾಳೆ. 1986ರಲ್ಲಿ ಅಮೆರಿಕದ ಟಿಫನಿ ಫೀಲ್ಡ್ ಮತ್ತು ಸಂಗಡಿಗರು ಅಕಾಲದಲ್ಲಿ ಹುಟ್ಟಿದ ಶಿಶುಗಳಿಗೆ ಹತ್ತು ದಿನ, ದಿನಕ್ಕೆ ಮೂರಾವರ್ತಿ ಮೃದುವಾಗಿ ಮೈನೀವಿ ನೋಡಿದರು. ಹಾಗೆ ನೀವಿಸಿಕೊಂಡ ಶಿಶುಗಳ ತೂಕ ದಿನವೊಂದಕ್ಕೆ ಶೇಕಡ 47ರಷ್ಟು ಹೆಚ್ಚಾಗಿ ಏರಿತೆಂದು ವರದಿಯಾಯಿತು. ಅಜ್ಜಿ ಮಾಡಿದ್ದೆಲ್ಲ ಸರಿಯೆಂದು ಇದರಿಂದ ಸಿದ್ಧವಾಗುವುದಿಲ್ಲ. ಎಳೆಯ ಕೂಸಿನ ಕಿವಿಮೂಗುಗಳಿಗೆ ಎಣ್ಣೆ ಬಿಡುವುದು ಅಪಾಯವೆಂದು ಇಂದಿನ ವೈದ್ಯರು ಹೇಳುತ್ತಾರೆ. ಆ ಮಾತನ್ನು ಕೇಳಬೇಕು. ರಕ್ತ ಹೆಪ್ಪುಗಟ್ಟಿ ಬಾತ ಕಾಲನ್ನು ಒತ್ತಬಾರದೆಂಬುದೂ ಅಂಥದೇ ಮಾತು.

ಪೇಟೆಯ ತಂಪುಕೋಣೆಯಲ್ಲಿ ಗಂಟೆಯ ಲೆಕ್ಕದಲ್ಲಿ ಹಣ ತೆತ್ತು ಮೈಯೊತ್ತಿಸಿಕೊಳ್ಳುವುದು ಇಂದು ನಾಗರಿಕತೆಯ ಲಕ್ಷಣ. ಎಲೆಯಡಿಕೆ, ಒಂದು ಸೀರೆ, ನಾಲ್ಕು ಸೇರು ಅಕ್ಕಿಗೆ ಮೂರು ತಲೆಮಾರಿನ ಕೂಸುಗಳನ್ನು ನೀವಿ ಬೆಳೆಸಿದ ಅಜ್ಜಿಗೆ ಹೊರಬಾಗಿಲಲ್ಲೇ ಕಾಫಿ ಕೊಟ್ಟು ಕಳಿಸಿದ ಮನೆಗಳೂ ನಮ್ಮಲ್ಲಿವೆ. ಅವಳಿಗೆ ತಿಳಿಯದ್ದನ್ನು ವೈದ್ಯರು ತಿಳಿಸಲಿ, ಅವಳಿಗೆ ತಿಳಿದದ್ದನ್ನು ಯಾರಾದರೂ ಬರೆದಿಡಲಿ. ಅದಕ್ಕೆ ಮೊದಲು ಅವಳನ್ನು ಒಳಗೆ ಕರೆದು ಕೂರಿಸಬೇಕು.