ಬೀದಿಯ ಗೋಡೆಯೂ ಅರವಾನಿಯರೂ

ಭಾರತ ಹುಣ್ಣಿಮೆಯ ಸಮಯದಲ್ಲಿ ಹುಬ್ಬಳ್ಳಿ-ಧಾರವಾಡದಿಂದ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದವರಿಗೆ ಜೋಗಪ್ಪಗಳ ಪರಿಚಯ ಹೇಳಬೇಕಾಗಿಲ್ಲ. ತಲೆಯ ಮೇಲೆ ಕೊಡ, ಕೈಯಲ್ಲಿ ಚೌಡಿಕೆ, ಹಣೆಯ ತುಂಬ ಭಂಡಾರ. ಅವರ ಕೈಯ ಭಂಡಾರವನ್ನು ಭಕ್ತಿಯಿಂದ ಹಚ್ಚಿಸಿಕೊಳ್ಳುವ ನಾವೇ ಅವರಿಗೆ ಬಾಡಿಗೆಯ ಮನೆ ಕೊಡಲು ಹಿಂಜರಿಯುತ್ತೇವೆ.

ಈ ತಿರಸ್ಕಾರಕ್ಕೆ ಒಮ್ಮೆ ಶಾಸನದ ಬಲವೂ ಒದಗಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಉತ್ತರ ಹಿಂದುಸ್ಥಾನದ ಪ್ರಾಂತಗಳಲ್ಲಿ ಹಿಜಡಾ ಸಮುದಾಯದವರ ಹೆಸರುಗಳನ್ನು ಪಟ್ಟಿಮಾಡಲು ವಿಧಿಸಿತು. ಪಟ್ಟಿಯಲ್ಲಿದ್ದವರು ಸ್ತ್ರೀವೇಷದಿಂದ ಬೀದಿಯಲ್ಲಿ ಕಾಣಿಸಿಕೊಂಡರೆ, ಹಾಡಿ ಕುಣಿದರೆ ಶಿಕ್ಷೆ. ಪರಕೀಯರ ಆಳಿಕೆಯೊಡನೆ ಇದು ಮುಗಿಯಿತೆನ್ನುವಂತಿಲ್ಲ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ ಸೇರಿಸಲಾದ 36ಎ ಕಲಮು ಕೂಡ ಇಂತಹದೇ ಪಟ್ಟಿಗೆ ಅವಕಾಶವಿತ್ತಿತ್ತು! 2014ರ ಏಪ್ರಿಲ್ 15ರಂದು ಸರ್ವೋಚ್ಚ ನ್ಯಾಯಾಲಯವು ಇವರನ್ನು ತೃತೀಯ ಲಿಂಗಿಗಳೆಂದು ಮನ್ನಿಸಿ, ಸಂವಿಧಾನದ ಹಕ್ಕುಗಳು ಇವರಿಗೂ ಸಲ್ಲತಕ್ಕವೆಂದು ಸಾರಿತು.

ತೀರ್ಪು ಬಂದರೂ ಬೀದಿಯ ಭಯ ಹೋಗಲಿಲ್ಲ. ಬೆಂಗಳೂರಿನ ಕಲಾವಿದೆ ಪೂರ್ಣಿಮಾ ಸುಕುಮಾರ್ ಅವರು 2016ರಲ್ಲಿ ಕೈಗೊಂಡ ಕಾರ್ಯದ ಮಹತ್ವ ಇಲ್ಲಿಯೇ ಇದೆ. ಯಾವ ಬೀದಿಯಲ್ಲಿ ಕಾಣಿಸಿಕೊಳ್ಳುವುದೇ ಅಪರಾಧವೆನಿಸಿತ್ತೋ ಅದೇ ಬೀದಿಯ ಗೋಡೆಯನ್ನು ಅವರು ಆರಿಸಿಕೊಂಡರು. ತಂಡದ ಹೆಸರು ಅರವಾನಿ ಆರ್ಟ್ ಪ್ರಾಜೆಕ್ಟ್. ತಮಿಳುನಾಡಿನ ಕೂವಾಗಂ ಗ್ರಾಮದಲ್ಲಿ ಈ ಸಮುದಾಯದವರು ಅರ್ಜುನಪುತ್ರ ಅರವಾನನಿಗೆ ವಧುಗಳಾಗಿ ತಾಳಿ ಕಟ್ಟಿಸಿಕೊಂಡು, ಮರುದಿನವೇ ಅದನ್ನು ಕಳಚಿ ವೈಧವ್ಯದ ಶೋಕವನ್ನಾಚರಿಸುತ್ತಾರೆ. ಅರವಾನಿ ಎಂಬ ಹೆಸರಿನ ಮೂಲ ಅದು.

ಪೂರ್ಣಿಮಾ ಅವರು ಈ ಮಹಿಳೆಯರನ್ನು ಕೇವಲ ಚಿತ್ರವಸ್ತುವನ್ನಾಗಿ ಮಾಡಿಕೊಳ್ಳಲಿಲ್ಲ. ಅವರ ಕೈಗೇ ಕುಂಚವನ್ನಿತ್ತರು. ಇತರ ಸ್ತ್ರೀಯರೂ ಜೊತೆಗೂಡಿದರು. ಆಳೆತ್ತರವನ್ನೂ ಮೀರಿದ ಗೋಡೆಯಲ್ಲಿ ಕೆಲಸ ದಿನಗಟ್ಟಲೆ ನಡೆಯಬೇಕು, ಅದೂ ಹಾಡುಹಗಲಿನಲ್ಲಿ, ಹೋಗಿಬರುವವರ ಕಣ್ಣೆದುರಿಗೆ. ಮುಖ ಮರೆಸಿಕೊಂಡು ಹಾಯುತ್ತಿದ್ದ ದಾರಿಯಲ್ಲಿ ದಿನವಿಡೀ ನೆಟ್ಟಗೆ ನಿಲ್ಲುವುದು, ನೋಡುವವರ ನೋಟವನ್ನು ಎದುರಿಸುವುದು, ಕೇಳಿದವರಿಗೆ ಉತ್ತರಿಸುವುದು: ಮನಸ್ಸಿನ ಗಾಯ ಮಾಯುವುದಾದರೆ ಹೀಗೆಯೇ ಎಂದು ನನಗೆ ತೋರುತ್ತದೆ. ಔಷಧಿ ಬಣ್ಣದಲ್ಲಿರುವುದಕ್ಕಿಂತ ಹೆಚ್ಚಾಗಿ ಆ ನಿಲುವಿನಲ್ಲಿದೆ.

ಬಣ್ಣದಿಂದ ಹೊಟ್ಟೆ ತುಂಬೀತೇ ಎಂಬ ಆಕ್ಷೇಪ ಅಲ್ಲಗಳೆಯುವಂಥದಲ್ಲ. ನೌಕರಿಯ ಬಾಗಿಲು ತೆರೆಯಲು ಶಾಸನವೇ ಬೇಕು. ರಾಜ್ಯ ಸರ್ಕಾರದ ನೇಮಕಾತಿಗಳಲ್ಲಿ ತೃತೀಯ ಲಿಂಗಿಗಳಿಗೆ ಶೇ. 1ರ ಮೀಸಲಾತಿ ದೊರೆತದ್ದು 2021ರಲ್ಲಿ. 2024ರಲ್ಲಿ ಇಟಲಿಯ ವೆನಿಸ್ ನಗರದ 60ನೆಯ ಅಂತರರಾಷ್ಟ್ರೀಯ ಕಲಾಪ್ರದರ್ಶನದ ಆಹ್ವಾನಿತರ ಪಟ್ಟಿಯಲ್ಲಿ ಅರವಾನಿ ತಂಡದ ಹೆಸರಿತ್ತು. ಅಲ್ಲಿಯೂ ಅವರು ಮಾಡಿದ್ದು ಭಿತ್ತಿಚಿತ್ರವನ್ನೇ.