ಮರಳಿನ ಹಲಗೆಯಿಂದ ಉಪಗ್ರಹದವರೆಗೆ

ವಾಚಕ ಮಹಾಶಯರೆ, ನಿಮ್ಮ ಮನೆಗೆ ಮೊತ್ತಮೊದಲು ರೇಡಿಯೋ ಬಂದ ದಿನವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಿ. ನಮ್ಮ ಮನೆಗೆ ಅದು ಬಂದಾಗ ಅದರ ಕಿವಿ ಹಿಂಡುವ ಅಧಿಕಾರ ನಮ್ಮ ತಂದೆಯವರೊಬ್ಬರಿಗೇ ಇತ್ತು. ನಿಲಯ ಸಿಕ್ಕುವ ಜಾಗ ತಿಳಿಯುವುದಕ್ಕೆ ಅವರಿಗೂ ಒಂದು ವಾರ ಹಿಡಿಯಿತು. ಅಲ್ಲಿಯವರೆಗೆ ಆ ಪೆಟ್ಟಿಗೆಯಿಂದ ನಾವು ಕೇಳಿದ್ದು ಹೆಚ್ಚಾಗಿ ಗೊರಗೊರ ಶಬ್ದವನ್ನೇ. ಯಂತ್ರವು ಮನೆಗೆ ಬರುವ ದಿನ ಬೇರೆ, ಅದು ನಮ್ಮ ಕೈಗೆ ಒಗ್ಗುವ ದಿನ ಬೇರೆ. ಈ ಎರಡು ದಿನಗಳ ನಡುವೆ ಇರುವ ಅಂತರವೇ ಇಂದಿನ ನನ್ನ ವಿಷಯ. ಮನೆಯಲ್ಲಿ ಆ ಅಂತರ ಒಂದು ವಾರವಾದರೆ, ಪಾಠಶಾಲೆಯಲ್ಲಿ ಅದು ಎಷ್ಟೋ ವೇಳೆ ಒಂದು ತಲೆಮಾರಾಗುತ್ತದೆ. ಉಪಾಧ್ಯಾಯನಿಗೆ ಹೊಸ ಉಪಕರಣದ ಬಳಕೆಯನ್ನು ಕಲಿಸುವ ಕೆಲಸವು ಹೇಗೆ ಹುಟ್ಟಿತು, ಅದು ವಿಶ್ವವಿದ್ಯಾನಿಲಯದ ಬಾಗಿಲನ್ನು ಹೇಗೆ ಮುಟ್ಟಿತು ಎಂಬ ಕಥೆಯಲ್ಲಿ ನಮ್ಮ ಸೀಮೆಯ ಪಾಲೂ ಇದೆ.

ಕಥೆ ಆರಂಭವಾಗುವುದು ಮರಳಿನಿಂದ. ಹಿಂದೆ ನಮ್ಮ ಕೂಲಿಮಠಗಳಲ್ಲಿ ಮಕ್ಕಳು ನೆಲದ ಮೇಲೆ ಮರಳು ಹರಡಿ, ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರೆಂಬುದನ್ನು ಹಿರಿಯರಿಂದ ನೀವು ಕೇಳಿದ್ದೀರಿ. ಕಡತವೂ ಬಳಪವೂ ಕೈಗೆ ಬರುವುದು ಆ ಮೇಲೆ. ಮದರಾಸಿನ ನಾಡಶಾಲೆಗಳಲ್ಲಿಯೂ ಇದೇ ಪದ್ಧತಿ. 1789ರಲ್ಲಿ ಆ ಪಟ್ಟಣದ ಎಗ್ಮೋರಿನಲ್ಲಿ, ಸಿಪಾಯಿಗಳ ಅನಾಥ ಗಂಡುಮಕ್ಕಳಿಗಾಗಿ ಏರ್ಪಟ್ಟಿದ್ದ ಶಾಲೆಯ ಮೇಲ್ವಿಚಾರಣೆಗೆ ಆಂಡ್ರೂ ಬೆಲ್ ಎಂಬ ಸ್ಕಾಟ್‌ಲೆಂಡಿನ ಪಾದ್ರಿ ನೇಮಕಗೊಂಡರು. ಒಂದು ದಿನ ಬೆಳಗ್ಗೆ ಕುದುರೆಯ ಮೇಲೆ ಹೋಗುತ್ತಿದ್ದಾಗ, ಮಕ್ಕಳು ಸಾಲಾಗಿ ಕುಳಿತು ಮರಳಿನಲ್ಲಿ ಬರೆಯುತ್ತಿದ್ದುದು ಅವರ ಕಣ್ಣಿಗೆ ಬಿತ್ತು. ಕಾಗದ ಬೇಡ, ಮಸಿ ಬೇಡ, ತಪ್ಪಿದರೆ ಅಂಗೈ ಸವರಿದರೆ ಸಾಕು. ಇದಕ್ಕಿಂತ ಅಗ್ಗವಾದ ಬೋಧನೋಪಕರಣ ಎಲ್ಲಿ ಸಿಕ್ಕೀತು? ಬೆಲ್ ಸಂತೋಷದಿಂದ ಹಿಂದಿರುಗಿ, ಅದನ್ನು ನಡೆಸಬೇಕೆಂದು ತಮ್ಮ ಶಾಲೆಯ ಉಪಾಧ್ಯಾಯರಿಗೆ ಅಪ್ಪಣೆ ಮಾಡಿದರು.

ಉಪಾಧ್ಯಾಯರು ಒಪ್ಪಲಿಲ್ಲ, ಇದು ನಡೆಯುವ ಮಾತಲ್ಲ ಎಂದರು. ಆಗ ಬೆಲ್ ಏನು ಮಾಡಿದರು ಬಲ್ಲಿರಾ? ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನನ್ನು ಕರೆದು, ಅಕ್ಷರ ಕಲಿಯುವ ಚಿಕ್ಕ ಮಕ್ಕಳ ತರಗತಿಯನ್ನು ಅವನ ವಶಕ್ಕೆ ಕೊಟ್ಟರು. ಆ ಹುಡುಗ ಮರಳಿನ ಪಾಠವನ್ನು ನಡೆಸಿ ತೋರಿಸಿದ. ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸುವ ಪದ್ಧತಿ ಅಲ್ಲಿ ಬೇರೂರಿತು. 1797ರಲ್ಲಿ ಬೆಲ್ ಅದನ್ನು ಕುರಿತು ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದರು. ಲಂಡನ್ನಿನಲ್ಲಿ ಜೋಸೆಫ್ ಲ್ಯಾಂಕಾಸ್ಟರ್ ಎಂಬವರೂ ಇಂಥದೇ ಪದ್ಧತಿಯನ್ನು ನಡೆಸುತ್ತಿದ್ದರು. ಕೆಲವೇ ವರ್ಷಗಳಲ್ಲಿ ‘ಮದರಾಸ್ ಪದ್ಧತಿ’ ಎಂಬ ಹೆಸರಿನಿಂದ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳನ್ನೆಲ್ಲ ವ್ಯಾಪಿಸಿತು.

ಈ ಪ್ರಸಂಗವನ್ನು ನಾವು ಎರಡು ಬಗೆಯಾಗಿ ಓದಬಹುದು. ಮುಂದಾಲೋಚನೆಯ ಮೇಲಧಿಕಾರಿ, ಮೊಂಡು ಉಪಾಧ್ಯಾಯರು, ಚುರುಕು ಹುಡುಗ ಎಂದು ಓದುವುದು ಒಂದು ಬಗೆ. ಇತಿಹಾಸಕಾರರು ಬಹುಮಟ್ಟಿಗೆ ಹೀಗೆಯೇ ಬರೆದಿದ್ದಾರೆ. ಆದರೆ ಮೇಷ್ಟರ ವೃತ್ತಿಯಲ್ಲಿ ತಲೆ ನರೆಸಿಕೊಂಡಿರುವ ನನಗೆ ಇನ್ನೊಂದು ಬಗೆಯೂ ಕಾಣುತ್ತದೆ. ಆ ಉಪಾಧ್ಯಾಯರ ಪಕ್ಕದಲ್ಲಿ ಯಾರಾದರೂ ಕುಳಿತು, ಮರಳನ್ನು ಎಷ್ಟು ದಪ್ಪಕ್ಕೆ ಹರಡಬೇಕು, ಅಕ್ಷರಗಳನ್ನು ಯಾವ ಕ್ರಮದಲ್ಲಿ ತಿದ್ದಿಸಬೇಕು ಎಂದು ನಾಲ್ಕು ದಿನ ತೋರಿಸಿಕೊಟ್ಟಿದ್ದರೋ? ಅಂಥ ಸುದ್ದಿ ಈ ಕಥೆಯಲ್ಲಿ ಬರುವುದೇ ಇಲ್ಲ. ಅಪ್ಪಣೆ ಉಂಟು, ಅಭ್ಯಾಸವಿಲ್ಲ. ಮೇಷ್ಟರನ್ನು ಕಲಿಸಿ ಜೊತೆಗೆ ಕರೆದುಕೊಂಡು ಹೋಗುವುದಕ್ಕಿಂತ ಅವರನ್ನು ಬದಿಗೆ ಸರಿಸುವುದು ಅಗ್ಗವೆಂದು ತೋರಿತು. ಆ ಅಗ್ಗದ ದಾರಿಯ ಕೊರತೆ ಬೇಗ ಬಯಲಾಯಿತು. ಹುಡುಗನು ತನಗೆ ಬಂದಷ್ಟನ್ನು ಒಪ್ಪಿಸಬಲ್ಲ. ಕೇಳಿದ ಪ್ರಶ್ನೆಗೆ ಪಾಠವನ್ನು ಬೇರೆ ದಾರಿಯಿಂದ ತಿರುಗಿಸಿ ಹೇಳಲಾರ. 1846ರಲ್ಲಿ ಬ್ರಿಟಿಷ್ ಸರ್ಕಾರವೇ ಮುಂದೆ ಬಂದು, ಉಪಾಧ್ಯಾಯರಾಗಬಯಸುವ ಎಳೆಯರನ್ನು ಐದು ವರ್ಷ ಶಾಲೆಯಲ್ಲಿ ಪಳಗಿಸುವ ಏರ್ಪಾಡು ಮಾಡಬೇಕಾಯಿತು.

ಇಲ್ಲಿ ಇತಿಹಾಸ ಒಂದು ತಮಾಷೆ ಮಾಡಿದೆ. ಬೆಲ್ 1832ರಲ್ಲಿ ತೀರಿಕೊಂಡರು. ಅವರು ವಿದ್ಯಾಭ್ಯಾಸಕ್ಕೆಂದು ಬಿಟ್ಟುಹೋದ ಹಣ ದೊಡ್ಡದಾಗಿತ್ತು. ಆ ನಿಧಿಯಿಂದಲೇ 1876ರಲ್ಲಿ ಎಡಿನ್‌ಬರೋ ಮತ್ತು ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯಗಳಲ್ಲಿ ಶಿಕ್ಷಣಶಾಸ್ತ್ರಕ್ಕೆ ಎರಡು ಪ್ರಾಧ್ಯಾಪಕ ಪೀಠಗಳು ಸ್ಥಾಪಿತವಾದವು. ಕಲಿಸುವುದನ್ನೇ ಕಲಿಸುವ ಒಂದು ಶಾಸ್ತ್ರಕ್ಕೆ, ವೈದ್ಯ, ನ್ಯಾಯ, ಗಣಿತಗಳ ಸಾಲಿನಲ್ಲಿ ಒಂದು ಮಣೆ ಸಿಕ್ಕಿತು. ಮೇಷ್ಟರನ್ನು ಬದಿಗೆ ಸರಿಸಿದ ಮಹಾನುಭಾವರ ಹಣ ಕೊನೆಗೆ ಮೇಷ್ಟರನ್ನು ತಯಾರಿಸುವ ಪೀಠವಾಯಿತು! ಎಗ್ಮೋರಿನ ಮರಳು ತಿರುಗಿ ತಿರುಗಿ ವಿಶ್ವವಿದ್ಯಾನಿಲಯವನ್ನು ಮುಟ್ಟಿದ್ದು ಹೀಗೆ.

ಈಗ ನಮ್ಮ ಮೈಸೂರಿಗೆ ಬರೋಣ. ಹೊಸ ಯಂತ್ರವನ್ನು ಯಾರ ಅಪ್ಪಣೆಗೂ ಕಾಯದೆ ತಾನಾಗಿಯೇ ಕೈವಶ ಮಾಡಿಕೊಂಡ ಅಧ್ಯಾಪಕರೊಬ್ಬರು ಇಲ್ಲಿದ್ದರು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ, ತಮ್ಮ ಮನೆಯಲ್ಲಿಯೇ 30 ವ್ಯಾಟಿನ ಒಂದು ಪುಟ್ಟ ಪ್ರಸಾರಯಂತ್ರವನ್ನು ಹೂಡಿ ಬಾನುಲಿ ನಿಲಯವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದ್ದು. ಇಡೀ ದೇಶದ ರೇಡಿಯೋಗೆ ಆ ಹೆಸರು ಬಂದದ್ದು ಅನಂತರ. ಆದರೆ ಗೋಪಾಲಸ್ವಾಮಿಯವರಂಥವರು ಸಾವಿರಕ್ಕೊಬ್ಬರು. ಮಿಕ್ಕ ಒಂಬೈನೂರ ತೊಂಬತ್ತೊಂಬತ್ತು ಮಂದಿಗೆ, ನನ್ನಂಥವರಿಗೆ, ಯಾರಾದರೂ ಕೈ ಹಿಡಿದು ತೋರಿಸಬೇಕು. ಒಂದು ನಾಡಿನ ವಿದ್ಯಾಭ್ಯಾಸವನ್ನು ಸಾವಿರಕ್ಕೊಬ್ಬರ ಉತ್ಸಾಹದ ಮೇಲೆ ನಿಲ್ಲಿಸಲಾಗದು.

ಕೈ ಹಿಡಿದು ತೋರಿಸುವ ಕೆಲಸ ನಮ್ಮಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆದದ್ದು ಒಂದು ಉಪಗ್ರಹದ ನೆರವಿನಿಂದ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಒಂದು ವರ್ಷದ ಮಟ್ಟಿಗೆ, ಅಮೆರಿಕದ ‘ಎ.ಟಿ.ಎಸ್.–6’ ಎಂಬ ಉಪಗ್ರಹವನ್ನು ನಮ್ಮ ದೇಶ ಎರವಲು ಪಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಪೆಟ್ಟಿಗೆಗಳು ಬಂದವು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳಿಗೆ ಆ ಭಾಗ್ಯ. ಕೋಳಿಗೂಡಿಗೆ ಹಾಕುವಂಥ ತಂತಿಬಲೆಯಿಂದ ಮಾಡಿದ, ಹತ್ತು ಅಡಿ ಅಗಲದ ಕೊಡೆಯಾಕಾರದ ಆಂಟೆನಾ ಶಾಲೆಯ ಬಳಿ ನಿಂತಿತು. ಒಂದೇ ಚಿತ್ರದ ಜೊತೆಗೆ ಎರಡು ಧ್ವನಿಗಳನ್ನು ಕಳಿಸುವ ಅನುಕೂಲವಿತ್ತು. ಆದ್ದರಿಂದ ಒಂದೇ ಚಿತ್ರವನ್ನು ನೋಡುತ್ತ ಆಂಧ್ರದ ಹಳ್ಳಿ ತೆಲುಗನ್ನು ಕೇಳಿತು, ನಮ್ಮ ಹಳ್ಳಿ ಕನ್ನಡವನ್ನು ಕೇಳಿತು. ಭಾಷೆಯ ಮೇಷ್ಟರಾದ ನನಗೆ ಆ ಏರ್ಪಾಡಿನ ವಿಷಯ ಓದಿದಾಗಲೆಲ್ಲ ಮನಸ್ಸು ಅರಳುತ್ತದೆ.

ಬೆಳಗಿನ ಪಾಠ ಮಕ್ಕಳಿಗೆ, ಸಂಜೆಯ ಕಾರ್ಯಕ್ರಮ ಊರಿನವರಿಗೆ. ಇವುಗಳ ನಡುವೆ ಅಷ್ಟಾಗಿ ಯಾರೂ ನೆನೆಯದ ಮೂರನೆಯದೊಂದಿತ್ತು: ಅದು ಮೇಷ್ಟರಿಗೆ. ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಹೇಳುವ ಉಪಾಧ್ಯಾಯರಿಗಾಗಿ ದೆಹಲಿಯ ಎನ್.ಸಿ.ಇ.ಆರ್.ಟಿ. ಸಂಸ್ಥೆ ಹನ್ನೆರಡು ದಿನಗಳ ಒಂದು ತರಬೇತನ್ನು ಸಿದ್ಧಪಡಿಸಿತು. ಮೊದಲ ಸುತ್ತು 1975ರ ಅಕ್ಟೋಬರಿನಲ್ಲಿ, ಎರಡನೆಯದು 1976ರಲ್ಲಿ. ಎರಡರಲ್ಲೂ ಸೇರಿ ಸುಮಾರು 50,000 ಉಪಾಧ್ಯಾಯರು. ಇಷ್ಟು ಜನರನ್ನು ತರಬೇತು ಕಾಲೇಜುಗಳಿಗೆ ಕರೆಸಿಕೊಂಡು ಕಲಿಸುವುದಾದರೆ ಎಷ್ಟು ವರ್ಷ ಹಿಡಿಯುತ್ತಿತ್ತೋ ನೀವೇ ಊಹಿಸಿ.

ಆದರೆ ಆ ಹನ್ನೆರಡು ದಿನದ ಹಿರಿಮೆ ಈ ದೊಡ್ಡ ಸಂಖ್ಯೆಯಲ್ಲಿಲ್ಲ, ಅದರ ಜೋಡಣೆಯಲ್ಲಿದೆ. ಮೇಷ್ಟರನ್ನು ಪರದೆಯ ಮುಂದೆ ಸುಮ್ಮನೆ ಕೂರಿಸಿ ಬಿಡಲಿಲ್ಲ. ಟೆಲಿವಿಷನ್ ಪಾಠ ಒಂದು ಅಂಗ, ರೇಡಿಯೋ ಪಾಠ ಇನ್ನೊಂದು. ಕೈಗೆ ಕೊಟ್ಟ ಅಚ್ಚಿನ ಹಾಳೆಗಳು ಮತ್ತೊಂದು. ಇವೆಲ್ಲಕ್ಕೂ ಮಿಗಿಲಾಗಿ, ಕಂಡದ್ದನ್ನು ಕೈಯಾರೆ ಮಾಡಿನೋಡುವ ಚಟುವಟಿಕೆ ಮತ್ತು ಪಕ್ಕದಲ್ಲಿ ಕುಳಿತು ಚರ್ಚೆ ನಡೆಸುವ ಒಬ್ಬ ಮಾರ್ಗದರ್ಶಕ. ಎಗ್ಮೋರಿನ ಉಪಾಧ್ಯಾಯರಿಗೆ ಸಿಕ್ಕದೆ ಹೋದದ್ದು ಇದೇ ಅಲ್ಲವೆ? ಒಂದು ವರ್ಷ ಕಳೆಯಿತು, ಉಪಗ್ರಹವನ್ನು ಕೊಟ್ಟವರು ಹಿಂದಕ್ಕೆ ಪಡೆದರು. ಕಾಲಕ್ರಮದಲ್ಲಿ ತಂತಿಬಲೆಗೆ ತುಕ್ಕು ಹಿಡಿದೀತು. ಆದರೆ ಒಮ್ಮೆ ಕೈಗೆ ಹತ್ತಿದ ವಿದ್ಯೆಯನ್ನು ಯಾವ ದೇಶವೂ ಹಿಂದಕ್ಕೆ ಕೇಳಲಾರದು.

ಪ್ರಾಥಮಿಕ ಶಾಲೆಯ ಮಾತು ಹೀಗಾದರೆ, ವಿಶ್ವವಿದ್ಯಾನಿಲಯದ ಮಾತೇನು? ಇಲ್ಲಿ ಒಂದು ವಿಚಿತ್ರವನ್ನು ನೀವು ಗಮನಿಸಬೇಕು. ಅ ಆ ಇ ಈ ಕಲಿಸುವವರಿಗೆ ತರಬೇತು ಬೇಕು. ನಮ್ಮ ಪ್ರೌಢಶಾಲೆಯವರಿಗೆ ಬಿ.ಎಡ್. ಬೇಕು. ಕಾಲೇಜಿನ ಅಧ್ಯಾಪಕರಿಗೆ ಮಾತ್ರ, ವಿಷಯಜ್ಞಾನ ಒಂದಿದ್ದರೆ ಬೋಧನಕಲೆ ತಾನಾಗಿ ಬರುತ್ತದೆಂಬ ನಂಬಿಕೆ. 1984ರ ಆಗಸ್ಟ್ 15ರಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ದೂರದರ್ಶನದಲ್ಲಿ ‘ದೇಶವ್ಯಾಪಿ ತರಗತಿ’ಯನ್ನು ಆರಂಭಿಸಿತು. ಒಳ್ಳೆಯ ಪಾಠಗಳು ನೇರವಾಗಿ ವಿದ್ಯಾರ್ಥಿಯನ್ನು ತಲಪಿದವು. ಕಾಲೇಜಿನ ಅಧ್ಯಾಪಕರಿಗೆ ಅದರಲ್ಲಿ ಕೆಲಸವಿರಲಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ, 1987ರಿಂದ ಈ ಕೊರತೆಗೆ ಮದ್ದು ದೊರೆಯಿತು. ಮೈಸೂರೂ ಸೇರಿದಂತೆ ದೇಶದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಅಧ್ಯಾಪಕರಿಗಾಗಿಯೇ ‘ಅಕಾಡೆಮಿಕ್ ಸ್ಟಾಫ್ ಕಾಲೇಜು’ಗಳು ತೆರೆದವು. ಹೊಸಬರಿಗೆ ನಾಲ್ಕು ವಾರ, ಅನುಭವಿಗಳಿಗೆ ಮೂರು ವಾರ. ಪಾಠ ಹೇಳುವವರು ಅಲ್ಲಿ ಬೆಂಚಿನ ಮೇಲೆ ಕುಳಿತು ಪಾಠ ಕೇಳುವವರಾದರು. ಆ ಸಂಸ್ಥೆಗಳ ಹೆಸರು 2015ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಬದಲಾಯಿತು. ಮಾಳವೀಯರ ಹೆಸರು ಬಂದದ್ದು ಈ ಎರಡನೆಯ ಸಲ.

ನಡುವೆ 2004ರ ಸೆಪ್ಟೆಂಬರ್ 20ರಂದು ವಿದ್ಯಾಭ್ಯಾಸಕ್ಕಾಗಿಯೇ ಮೀಸಲಾದ ನಮ್ಮದೇ ಉಪಗ್ರಹ ‘ಎಡುಸ್ಯಾಟ್’ ಹಾರಿತು. ಅದರ ಮೊದಲ ಪ್ರಯೋಗಗಳಿಗೆ ಆರಿಸಿದ ಸಂಸ್ಥೆಗಳಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು. ಈ ಸಲ ಎರವಲಿಲ್ಲ. ಆದರೂ 2010ರಲ್ಲಿ ಅದರ ಆಯುಸ್ಸು ಮುಗಿಯಿತು. ಉಪಕರಣಗಳಿಗೆ ಆಯುಸ್ಸು ಇಷ್ಟೇ.

ಕೊನೆಗೆ ನನ್ನದೇ ಒಂದು ಮಾತು ಹೇಳಿ ಮುಗಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಾನೂ ಒಂದು ಕಂಪ್ಯೂಟರ್ ತರಬೇತಿಗೆ ಹೋಗಿದ್ದೆ. ಮೂರು ದಿನ ಗೋಡೆಯ ಮೇಲೆ ಚಿತ್ರಗಳು ಬಂದುಹೋದವು. ಯಂತ್ರವನ್ನು ಮುಟ್ಟುವ ಸರದಿ ನನಗೆ ಬರುವ ಹೊತ್ತಿಗೆ ಪ್ರಮಾಣಪತ್ರ ಹಂಚುವ ಹೊತ್ತಾಗಿತ್ತು. ಅದನ್ನು ಬೀರುವಿನಲ್ಲಿಟ್ಟು ಮರೆತೆ. 2020ರಲ್ಲಿ ಮಹಾಮಾರಿಯಿಂದ ಶಾಲೆ ಮುಚ್ಚಿದಾಗ, ಅಂಗೈಯಗಲದ ಫೋನಿನಲ್ಲಿ ಪಾಠ ಹೇಳಬೇಕಾಯಿತು. ಗದ್ಯಪಾಠ ಹೇಗೋ ನಡೆಯಿತು. ಭಾಮಿನಿ ಷಟ್ಪದಿ ಬಂತು. ಮೂರು ಮಾತ್ರೆ, ನಾಲ್ಕು ಮಾತ್ರೆಗಳ ಗಣ ವಿಂಗಡಿಸಿ, ಲಘು ಗುರು ಹಾಕಿ ತೋರಿಸಬೇಕು. ಬರಿಯ ಬಾಯಿಮಾತಿನಿಂದ ಪ್ರಸ್ತಾರ ಕಲಿಸಿದವರುಂಟೆ? ಹಲಗೆ ಶಾಲೆಯಲ್ಲಿತ್ತು, ನಾನು ಮನೆಯಲ್ಲಿದ್ದೆ.

ದಿಕ್ಕು ತೋಚದೆ ಅಡಿಗೆಮನೆಯಿಂದ ಒಂದು ಅಗಲವಾದ ತಟ್ಟೆ ತಂದು, ಉಪ್ಪಿಟ್ಟಿಗೆಂದು ಇಟ್ಟಿದ್ದ ರವೆಯನ್ನು ಅದರಲ್ಲಿ ತೆಳ್ಳಗೆ ಹರಡಿದೆ. ಎರಡು ಕಡೆ ಪುಸ್ತಕಗಳನ್ನು ಪೇರಿಸಿ, ಮೇಲೆ ಫೋನನ್ನು ಅಡ್ಡಲಾಗಿಟ್ಟು, ಬೆರಳಿನಿಂದ ಬರೆಯತೊಡಗಿದೆ. ಅತ್ತ ಕಡೆಯಿಂದ ಒಬ್ಬ ಹುಡುಗಿಯ ದನಿ ಬಂತು: “ಸಾರ್, ನಮಗೆ ನಿಮ್ಮ ಮನೆ ಸೂರು ಕಾಣ್ತಾ ಇದೆ. ಹಿಂದಿನ ಕ್ಯಾಮರಾ ಹಾಕಿ ಸಾರ್.” ಎಲ್ಲಿ ಒತ್ತಬೇಕೆಂಬುದನ್ನೂ ಅವಳೇ ಹೇಳಿಕೊಟ್ಟಳು, ಎರಡು ಸಲ, ಬೇಸರವಿಲ್ಲದೆ. ತಟ್ಟೆ ಕಂಡಿತು, ಲಘು ಗುರುಗಳು ಕಂಡವು, ತಪ್ಪಿದಾಗ ಅಂಗೈ ಸವರಿದೆ. ಅಂದಿನ ಪಾಠ ಮಕ್ಕಳಿಗೆ ಹತ್ತಿತು.

ಫ್ರಿಸ್ಕೆನ್ನನ ವಯಸ್ಸಿಗಿಂತ ಆ ಹುಡುಗಿ ಕೊಂಚ ದೊಡ್ಡವಳು. ಆದರೆ ಎಗ್ಮೋರಿನಲ್ಲಿ ಮಗುವನ್ನು ಮೇಷ್ಟರ ಜಾಗದಲ್ಲಿ ಕೂರಿಸಿದರು. ಇಲ್ಲಿ ಮಗು ಮೇಷ್ಟರ ಪಕ್ಕದಲ್ಲಿ ನಿಂತಿತು. ಗುಂಡಿ ಒತ್ತುವುದು ಅವಳಿಗೆ ಗೊತ್ತಿತ್ತು, ಷಟ್ಪದಿ ನನಗೆ ಗೊತ್ತಿತ್ತು. ಎರಡೂ ಕೂಡಿದ ಮೇಲೆ ಪಾಠವಾಯಿತು. ಮೂರು ದಿನದ ಪ್ರಮಾಣಪತ್ರ ಕೊಡದುದನ್ನು ಎರಡು ನಿಮಿಷದ ಆ ಸಹನೆ ಕೊಟ್ಟಿತು. ನಿಮ್ಮೂರ ಶಾಲೆಗೋ ಕಾಲೇಜಿಗೋ ನಾಳೆ ಒಂದು ಹೊಸ ಯಂತ್ರ ಬಂದರೆ, ಮಹಾಶಯರೆ, ಅದರ ಬೆಲೆ ಎಷ್ಟೆಂದು ವಿಚಾರಿಸುವ ಮುನ್ನ ಇನ್ನೊಂದು ಮಾತು ಕೇಳಿ: ಅದರ ಬಳಕೆಯನ್ನು ತೋರಿಸಿಕೊಡಲು ಮೇಷ್ಟರ ಪಕ್ಕದಲ್ಲಿ ಯಾರು ಕುಳಿತಿದ್ದಾರೆ, ಎಷ್ಟು ದಿನ ಕುಳಿತಿರುತ್ತಾರೆ?