ರಸ್ತೆ ಇಲ್ಲದ ಊರಿಗೆ ಬಂದ ವಿಮಾನ

ವಿಮಾನ ಅಂದ್ರೆ ಪಟ್ಟಣದವರ ಸೌಕರ್ಯ ಅಂತಲೇ ನಾವು ಎಣಿಸುವುದು. ಕೆನಡಾದ ಉತ್ತರ ಸೀಮೆಯ ಚರಿತ್ರೆ ಬೇರೆ ಮಾತು ಹೇಳುತ್ತದೆ. ಅಲ್ಲಿ ಎಷ್ಟೋ ಊರುಗಳ ನಡುವೆ ಕಾಡು, ಕೆರೆ, ಹಿಮ, ರಸ್ತೆಯೇ ಇಲ್ಲ.

1928ರ ಕೊನೆಗೆ ಆಲ್ಬರ್ಟಾ ಪ್ರಾಂತ್ಯದ ಲಿಟಲ್ ರೆಡ್ ರಿವರ್‌ನಲ್ಲಿ ಗಂಟಲಮಾರಿ ಕಾಣಿಸಿತು. ಮದ್ದು ಬೇಕೆಂಬ ಸುದ್ದಿ ಜಾರುಬಂಡಿಯಲ್ಲಿ ತಂತಿ ಕಚೇರಿ ಮುಟ್ಟೋ ಹೊತ್ತಿಗೆ ಹತ್ತು ದಿನ ದಾಟಿತ್ತು. 1929ರ ಜನವರಿ 2ರಂದು ವಾಪ್ ಮೇ, ವಿಕ್ ಹಾರ್ನರ್ ಎಂಬಿಬ್ಬರು ಎಡ್ಮಂಟನ್‌ನಿಂದ ಪುಟ್ಟ ವಿಮಾನದಲ್ಲಿ ಹೊರಟರು. ಮೇಲೆ ಮುಚ್ಚಳವಿಲ್ಲ, ಮೈ ಕೊರೆಯುವ ಚಳಿ. ಮದ್ದು ಹೆಪ್ಪುಗಟ್ಟದಂತೆ ಕಂಬಳಿ ಸುತ್ತಿ, ಮರುದಿನವೇ ಫೋರ್ಟ್ ವರ್ಮಿಲಿಯನ್‌ಗೆ ಮುಟ್ಟಿಸಿದರು.

ಮುಂದೆ ಇಂಥ ಸೀಮೆಗೆಂದೇ ಡಿ ಹ್ಯಾವಿಲೆಂಡ್ ಕಂಪನಿ ಬೀವರ್ ವಿಮಾನ ಕಟ್ಟಿತು. ಅದು ಮೊದಲು ಹಾರಿದ್ದು 1947ರಲ್ಲಿ. ಕಟ್ಟುವ ಮೊದಲು ಕಾಡುಸೀಮೆಯ ಪೈಲಟ್‌ಗಳನ್ನೇ ಕೇಳಿದರು. ಅವರಿಗೆ ವೇಗ ದೊಡ್ಡದಲ್ಲ. ಚಿಕ್ಕ ಜಾಗದಲ್ಲಿ ಏಳಬೇಕು, ಇಳೀಬೇಕು, ಎಣ್ಣೆ ಡ್ರಮ್ಮು ಹಿಡಿಸುವಷ್ಟು ಅಗಲದ ಬಾಗಿಲಿರಬೇಕು. ನೆಲಕ್ಕೆ ಚಕ್ರ, ನೀರಿಗೆ ತೇಲುಗಾಲು, ಹಿಮಕ್ಕೆ ಜಾರುಪಟ್ಟಿ. ಒಟ್ಟು 1,600ಕ್ಕೂ ಹೆಚ್ಚು ತಯಾರಾದವು. ಹಲವು ಇಂದಿಗೂ ಹಾರುತ್ತಿವೆ.

ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ: ಮಕ್ಕಳಿಗೆ ವಿಮಾನದ ಪಾಠ ಹೇಳುವಾಗ ರೈಟ್ ಸೋದರರ ಜೊತೆಗೆ ಮದ್ದು ಹೊತ್ತ ಈ ಇಬ್ಬರ ಹೆಸರನ್ನೂ ಹೇಳಿ.